ತುಕ್ಕು ಹಿಡಿದ ಬೈಕಿನ ಹಕ್ಕುದಾರರು

ನಿಮ್ಮ ಮನೆಯ ಹಿತ್ತಲಿನಲ್ಲೋ, ಮೆಟ್ಟಿಲಿನ ಅಡಿಯಲ್ಲೋ ಹರಿದ ಗೋಣಿಚೀಲ ಹೊದ್ದು ನಿಂತಿರುವ ಹಳೆಯ ಮೋಟಾರು ಸೈಕಲ್ಲೊಂದು ಇದ್ದರೆ ಈ ಲೇಖನ ನಿಮಗಾಗಿ. ಇಲ್ಲದಿದ್ದರೂ ಓದಿರಿ. ತೀರಿಹೋದವರು ಬಿಟ್ಟುಹೋದ ಹೊಲಿಗೆ ಯಂತ್ರವೋ, ಗೋಡೆ ಗಡಿಯಾರವೋ, ಬೀಗ ಕೆಟ್ಟ ಕಪಾಟೋ ಪ್ರತಿ ಮನೆಯಲ್ಲೂ ಇದ್ದೇ ಇರುತ್ತದೆ. ಒಂದು ದಿನ ಮನೆಯ ಮಗನೊಬ್ಬನಿಗೆ ಅದನ್ನು ಸರಿಪಡಿಸುವ ಉತ್ಸಾಹ ಬರುತ್ತದೆ.

ಉತ್ಸಾಹ ಒಳ್ಳೆಯದೇ. ಉಪಯೋಗಕ್ಕೆ ಬರಬಹುದಾದ ವಸ್ತುವನ್ನು ಮಣ್ಣುಪಾಲು ಮಾಡಿ ಹೊಸದಕ್ಕೆ ಸಾಲ ಮಾಡುವುದಕ್ಕಿಂತ, ಇರುವುದನ್ನು ದುರಸ್ತಿ ಮಾಡಿಕೊಳ್ಳುವುದು ಲೇಸು. ಪ್ರವಾದಿವರ್ಯರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರು ಎಂಬುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ಈ ವಸ್ತು ಯಾರದು? ನಾನು ಅದನ್ನು ಕೇಳಿಕೊಳ್ಳಲಿಲ್ಲ. ಅರ್ಧ ಇಂಜಿನ್ ಬಿಚ್ಚಿದ ಮೇಲೆ ಬೇರೊಬ್ಬರು ನನ್ನನ್ನು ಕೇಳಿದರು.

ನಮ್ಮ ತಂದೆಯವರದು 1979ರ ಯೆಜ್ಡಿ 250. ಮೈಸೂರಿನವರಿಗೆ ಈ ಹೆಸರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲಿಯೇ ತಯಾರಿಸಲು ಆರಂಭಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರಿನಲ್ಲಿ 2018ರಿಂದ, ಯೆಜ್ಡಿ ಹೆಸರಿನಲ್ಲಿ 2022ರಿಂದ ಮತ್ತೆ ಹೊಸ ಬೈಕುಗಳು ಬರುತ್ತಿವೆ. ಆದರೆ ಅವು ಬೇರೆಯೇ ಯಂತ್ರಗಳು. ಒಂದೇ ಲಿವರ್ ಅನ್ನು ಮೇಲಕ್ಕೆ ಎತ್ತಿ ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಆ ಹಳೆಯ ಗಾಡಿಯನ್ನು ಓಡಿಸಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ದೃಷ್ಟಿ ಮಂಜಾದ ಮೇಲೆ ತಂದೆಯವರು ಅದನ್ನು ಹಿತ್ತಲ ಚಪ್ಪರದ ಕೆಳಗೆ ನಿಲ್ಲಿಸಿದರು. ಅವರು ತೀರಿಕೊಂಡ ಮೇಲೂ ಅದು ಐದು ಮಳೆಗಾಲಗಳನ್ನು ಅಲ್ಲಿಯೇ ಕಂಡಿತು. ಟ್ಯಾಂಕಿನ ತಳದಲ್ಲಿ ತುಕ್ಕು, ಸೀಟಿನೊಳಗೆ ಇಲಿಯ ಗೂಡು, ಒಣಗಿ ಬಿರಿದ ಟೈರುಗಳು. ಕಿಕ್ಕರ್ ಮೇಲೆ ನಿಂತು ಕುಪ್ಪಳಿಸಿದರೂ ಕದಲುತ್ತಿರಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಇಂತಹ ಗಾಡಿಯನ್ನು ಎಂದೂ ಬಲವಂತದಿಂದ ಒದೆಯಬೇಡಿರಿ. ಪ್ಲಗ್ ಬಿಚ್ಚಿ, ಆ ರಂಧ್ರದ ಮೂಲಕ ಸ್ವಲ್ಪ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಸುರಿದು ಮೂರು ನಾಲ್ಕು ದಿನ ಸುಮ್ಮನೆ ಬಿಡಬೇಕು. ಅನಂತರ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಅಲುಗಿಸಬೇಕು. ನಾನು ಹಾಗೆಯೇ ಮಾಡಿದೆ. ಐದನೆಯ ದಿನ ಅಸರ್ ನಮಾಝಿನ ಬಳಿಕ ಚಕ್ರ ಕದಲಿದಾಗ ಆದ ಸಂತೋಷವನ್ನು ಬಚ್ಚಿಡಲಾರೆ. ಅದೇ ಹುಮ್ಮಸ್ಸಿನಲ್ಲಿ ಸಿಲಿಂಡರ್ ಬಿಚ್ಚಿ ಲೇತ್ ಅಂಗಡಿಗೆ ಕೊಟ್ಟೆ. ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿಸಲು ಮುಂಗಡವನ್ನೂ ಕೊಟ್ಟೆ. ಆ ಬಳಿಕ ದಾಖಲೆ ಪತ್ರಗಳ ನೆನಪಾಯಿತು.

ಸಾರಿಗೆ ಕಚೇರಿಯಲ್ಲಿ ವಿಚಾರಿಸಿದಾಗ ತಿಳಿದದ್ದನ್ನು ನಿಮಗೂ ತಿಳಿಸುತ್ತೇನೆ. ವಾಹನದ ಮಾಲಿಕ ತೀರಿಕೊಂಡರೆ, ವಾಹನವನ್ನು ಇಟ್ಟುಕೊಳ್ಳುವವನು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಹಾಗೆ ತಿಳಿಸಿದವನು ಮೂರು ತಿಂಗಳವರೆಗೆ ಅದನ್ನು ಬಳಸಬಹುದು. ಆ ಅವಧಿಯೊಳಗೆ 31ನೇ ನಮೂನೆಯಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ನಾವು ಇದರಲ್ಲಿ ಯಾವುದನ್ನೂ ಮಾಡಿರಲಿಲ್ಲ. ತಡವಾದುದಕ್ಕೆ ದಂಡ ಕಟ್ಟಿದರಾಯಿತು. ಆದರೆ ಗುಮಾಸ್ತರು ಇನ್ನೊಂದು ಮಾತು ಹೇಳಿದರು. ಉಳಿದ ವಾರೀಸುದಾರರೆಲ್ಲರ ಒಪ್ಪಿಗೆ ಛಾಪಾ ಕಾಗದದಲ್ಲಿ ಬೇಕು.

ಉಳಿದ ವಾರೀಸುದಾರರು! ಮನೆಯಲ್ಲಿ ತಾಯಿ ಇದ್ದಾರೆ, ಒಬ್ಬ ತಮ್ಮ ಇದ್ದಾನೆ, ಮದುವೆಯಾಗಿ ಹೋದ ಅಕ್ಕ ಮತ್ತು ತಂಗಿ ಇದ್ದಾರೆ. ಅವರೆಲ್ಲ ಇದ್ದಾರೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತುಕ್ಕು ಹಿಡಿದ ಗಾಡಿಗೂ ಅವರಿಗೂ ಸಂಬಂಧವಿದೆ ಎಂದು ಒಂದು ಕ್ಷಣವೂ ಹೊಳೆದಿರಲಿಲ್ಲ. ಒಂದು ಸರಕಾರಿ ನಮೂನೆ ಅದನ್ನು ನೆನಪಿಸಬೇಕಾಯಿತು.

ಅಕ್ಕನ ಮನೆ ಚನ್ನಪಟ್ಟಣದಲ್ಲಿ. ಕಾಗದ ಹಿಡಿದು ಹೋದೆ. ಆಕೆ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಎಲ್ಲಿ ರುಜು ಹಾಕಬೇಕು ತೋರಿಸು, ಒಲೆಯ ಮೇಲೆ ಹಾಲಿದೆ" ಎಂದಳು. ಓದಲಿಲ್ಲ, ಏನೆಂದು ಕೇಳಲೂ ಇಲ್ಲ. ರುಜು ಹಾಕಿ ಒಳಗೆ ಹೋದಳು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಮರಳುವಾಗ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗಿತ್ತು. ಅವಳ ಒಪ್ಪಿಗೆ ನನಗೆ ಸಿಕ್ಕಿತ್ತೇ? ಅಥವಾ ಅವಳ ಸಂಕೋಚ ಮಾತ್ರ ಸಿಕ್ಕಿತ್ತೇ?

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ತಂದೆ ತಾಯಿ ಮತ್ತು ಆಪ್ತ ಸಂಬಂಧಿಕರು ಬಿಟ್ಟುಹೋದ ಸೊತ್ತಿನಲ್ಲಿ ಪುರುಷರಿಗೂ ಪಾಲಿದೆ, ಸ್ತ್ರೀಯರಿಗೂ ಪಾಲಿದೆ ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಅದೇ ವಚನದಲ್ಲಿ, ಆ ಸೊತ್ತು ಅಲ್ಪವಾಗಿದ್ದರೂ ಅಧಿಕವಾಗಿದ್ದರೂ ಸರಿ ಎಂಬ ಅರ್ಥದ ಮಾತೂ ಬರುತ್ತದೆ. ನಾವು ಅಧಿಕದ ಬಗ್ಗೆ ಭಾಷಣ ಕೇಳುತ್ತೇವೆ, ಜಗಳವನ್ನೂ ಆಡುತ್ತೇವೆ. ಅಲ್ಪ ಎಂಬ ಆ ಪದವನ್ನು ಯಾಕೆ ಹೇಳಲಾಯಿತೆಂದು ಆಲೋಚಿಸಿದ್ದೇವೆಯೇ? ಅಲ್ಪದಲ್ಲಿಯೇ ಹಕ್ಕು ಸದ್ದಿಲ್ಲದೆ ಹೋಗುತ್ತದೆ. ಮನೆಯ ಪತ್ರವನ್ನು ಒಬ್ಬನೇ ತನ್ನ ಹೆಸರಿಗೆ ಮಾಡಿಸಿಕೊಂಡರೆ ಊರೇ ಮಾತಾಡುತ್ತದೆ. ಕೈಗಡಿಯಾರ, ಕೊಡೆ, ಹಿತ್ತಲಿನ ಬೈಕು ಇವುಗಳನ್ನು ಯಾರಿಗೆ ಕೈಗೆಟುಕಿತೋ ಅವರು ಇಟ್ಟುಕೊಳ್ಳುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಹೇಳಿದರೆ ಇಷ್ಟಕ್ಕೂ ಲೆಕ್ಕವೇ ಎಂದು ನಗುತ್ತಾರೆ, ಹಾಗೆ ನಗುವವರು ವಸ್ತುವನ್ನು ಇಟ್ಟುಕೊಂಡವರೇ ಆಗಿರುತ್ತಾರೆ.

ಒಬ್ಬನ ಸೊತ್ತು ಅವನ ಮನಃಪೂರ್ವಕ ಒಪ್ಪಿಗೆಯಿಲ್ಲದೆ ಇನ್ನೊಬ್ಬನಿಗೆ ಧರ್ಮಸಮ್ಮತವಾಗದು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಕೈಯ ಒಪ್ಪಿಗೆ ಬೇರೆ, ಮನಸ್ಸಿನ ಒಪ್ಪಿಗೆ ಬೇರೆ. ಲಜ್ಜೆಯ ಕತ್ತಿ ತೋರಿಸಿ ಪಡೆದದ್ದೂ ಕಿತ್ತುಕೊಂಡದ್ದೇ ಎಂದು ವಿದ್ವಾಂಸರು ಎಚ್ಚರಿಸಿದ್ದಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಎಷ್ಟು ಮಂದಿ ಅಕ್ಕತಂಗಿಯರು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದಾರೆ, ರುಜು ಹಾಕಿದ್ದಾರೆ ಎಂಬುದು ನಿಮಗೇ ಗೊತ್ತು. ಅವಳ ಮದುವೆಗೆ ನಾವು ಅಷ್ಟು ಖರ್ಚು ಮಾಡಿದ್ದೇವಲ್ಲ ಎಂದು ಸಮರ್ಥಿಸುವ ಅಣ್ಣತಮ್ಮಂದಿರೂ ಇದ್ದಾರೆ. ಮದುವೆಯ ಖರ್ಚು ತಂದೆ ಬದುಕಿದ್ದಾಗ ತನ್ನ ಸಂತೋಷದಿಂದ ಮಾಡಿದ್ದು. ಅದು ಮಗಳ ಪಾಲಿನಿಂದ ಕಳೆಯಬೇಕಾದ ಸಾಲವಲ್ಲ. ಗಂಡುಮಗನ ವಲೀಮಾದ ಖರ್ಚನ್ನು ಅವನ ಪಾಲಿನಿಂದ ಯಾರಾದರೂ ಕಳೆದಿದ್ದಾರೆಯೇ?

ಹಾಗಾದರೆ ಏನು ಮಾಡಬೇಕು? ಗಾಡಿಗೆ ಬೆಲೆ ಕಟ್ಟಬೇಕು. ಕಷ್ಟದ ಕೆಲಸ ಇಲ್ಲಿಂದ ಶುರುವಾಗುತ್ತದೆ. ಹಳೆಯ ಯೆಜ್ಡಿಗೆ ಎರಡು ಬೆಲೆಗಳಿವೆ. ಗುಜರಿಯವನು ಕಬ್ಬಿಣದ ತೂಕ ನೋಡಿ 4,800 ರೂಪಾಯಿ ಹೇಳಿದ. ಅದೇ ಗಾಡಿಯನ್ನು, ಅದೇ ಸ್ಥಿತಿಯಲ್ಲಿ, ಹಳೆಯ ಬೈಕುಗಳ ಹುಚ್ಚಿರುವ ಇಬ್ಬರಿಗೆ ತೋರಿಸಿದಾಗ ಇಬ್ಬರೂ 24,000ದ ಸುಮಾರಿಗೆ ಬಂದು ನಿಂತರು. ಟ್ಯಾಂಕು, ಸೈಡ್ ಬಾಕ್ಸು, ಎರಡೂ ಸೈಲೆನ್ಸರುಗಳು ಮೂಲದವೇ ಇದ್ದುದರಿಂದ ಆ ಬೆಲೆ ಎಂದರು. ಅಕ್ಕನಿಗೆ ಯಾವ ಬೆಲೆ ಹೇಳಬೇಕು? ಗುಜರಿಯವನ ಬೆಲೆ ಹೇಳಿದರೆ ಅದೂ ಸುಳ್ಳಲ್ಲ. ಕೇಳಿದರೆ ಆತನನ್ನೇ ಸಾಕ್ಷಿಗೆ ಕರೆದುಕೊಂಡು ಬರಬಹುದು. ಶೈತಾನನು ಮನುಷ್ಯನಿಗೆ ಯಾವಾಗಲೂ ಸುಳ್ಳನ್ನೇ ಕಲಿಸುವುದಿಲ್ಲ, ಎರಡು ಸತ್ಯಗಳಲ್ಲಿ ಲಾಭದ ಸತ್ಯವನ್ನು ಆರಿಸಲು ಕಲಿಸುತ್ತಾನೆ.

ಲೆಕ್ಕ ಹೀಗಿದೆ. ಮೃತನ ಅಂತ್ಯಕ್ರಿಯೆಯ ಖರ್ಚು, ಸಾಲ, ಧರ್ಮಸಮ್ಮತ ವಸಿಯ್ಯತ್ ಇವು ತೀರಿದ ಮೇಲೆ ಉಳಿದದ್ದನ್ನು ಹಂಚಬೇಕು. ನಮ್ಮ ತಂದೆಯವರಿಗೆ ಸಾಲವಿರಲಿಲ್ಲ. ಮಕ್ಕಳಿರುವುದರಿಂದ ತಾಯಿಗೆ ಎಂಟನೇ ಒಂದು ಭಾಗ. ಮಿಕ್ಕದ್ದರಲ್ಲಿ ಪ್ರತಿ ಗಂಡುಮಗನಿಗೆ ಎರಡು ಪಾಲು, ಪ್ರತಿ ಹೆಣ್ಣುಮಗಳಿಗೆ ಒಂದು ಪಾಲು. 24,000ದಲ್ಲಿ ತಾಯಿಗೆ 3,000, ನನಗೂ ತಮ್ಮನಿಗೂ ತಲಾ 7,000, ಅಕ್ಕನಿಗೂ ತಂಗಿಗೂ ತಲಾ 3,500. ಗುಜರಿಯ ಬೆಲೆ ಹಿಡಿದರೆ ಅಕ್ಕನ ಪಾಲು 700 ರೂಪಾಯಿ. ನಿಮ್ಮ ಮನೆಯಲ್ಲಿ ವಾರೀಸುದಾರರು ಬೇರೆ ಇದ್ದರೆ ಲೆಕ್ಕವೂ ಬೇರೆಯಾಗುತ್ತದೆ. ಬಲ್ಲ ವಿದ್ವಾಂಸರನ್ನು ಕೇಳಿಕೊಳ್ಳಿರಿ. ದುರಸ್ತಿಗೆ ಮೊದಲಿನ ಸ್ಥಿತಿಯಲ್ಲಿ ಗಾಡಿಯ ಫೋಟೋ ತೆಗೆದಿಟ್ಟು, ಆ ಸ್ಥಿತಿಯ ಬೆಲೆಯನ್ನು ಎಲ್ಲರೂ ಒಪ್ಪಿ ಹಂಚಿಕೊಂಡರೆ, ಮುಂದಿನ ಖರ್ಚೂ ಶ್ರಮವೂ ಅದರಿಂದ ಬಂದ ಹೆಚ್ಚಿನ ಬೆಲೆಯೂ ದುರಸ್ತಿ ಮಾಡಿದವನದೇ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ನಾನು ಮೊದಲೇ ಸಿಲಿಂಡರ್ ಬಿಚ್ಚಿಬಿಟ್ಟಿದ್ದೆ. ಕೇಳದೆ ಮಾಡಿದ ಆ ಖರ್ಚನ್ನು ಯಾರ ಪಾಲಿನಿಂದಲೂ ಕಳೆಯಲಿಲ್ಲ.

ಈ ಕೆಲಸಕ್ಕೆಂದು ನಾನು ಕೂಡಿಟ್ಟದ್ದು 30,000 ರೂಪಾಯಿ. ನಾಲ್ವರ ಪಾಲು 17,000 ಹೋಯಿತು. ಮಿಕ್ಕ 13,000ದಲ್ಲಿ ಗಾಡಿ ರಸ್ತೆಗೆ ಬರಬೇಕು. ಕಡಿಮೆ ಖರ್ಚಿನ ದುರಸ್ತಿ ಎಂದರೇನೆಂದು ಆಗ ತಿಳಿಯಿತು. ಮೊದಲು ನನ್ನ ಪಟ್ಟಿಯ ತಲೆಯ ಮೇಲಿದ್ದುದು ಬಣ್ಣ ಮತ್ತು ಕ್ರೋಮ್. ಹಣ ಮುಗಿಯುತ್ತ ಬಂದಾಗ ಅವು ಪಟ್ಟಿಯ ತಳಕ್ಕೆ ಹೋದವು.

ಟೂ ಸ್ಟ್ರೋಕ್ ಇಂಜಿನಿನಲ್ಲಿ ಕ್ರ್ಯಾಂಕಿನ ಎರಡು ಬದಿಗೆ ರಬ್ಬರಿನ ಆಯಿಲ್ ಸೀಲುಗಳಿರುತ್ತವೆ. ಕೆಲವೇ ರೂಪಾಯಿಗಳ ವಸ್ತು, ಹೊರಗಿನಿಂದ ಯಾರಿಗೂ ಕಾಣಿಸದು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಗಟ್ಟಿಯಾಗಿರುತ್ತವೆ. ಒಂದು ಬದಿಯಿಂದ ಗಾಳಿ ಒಳನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಇಂಜಿನ್ ತಾನಾಗಿಯೇ ಏರುತ್ತದೆ, ಕಾಯುತ್ತದೆ, ಹೊಸ ಪಿಸ್ಟನ್ ಮತ್ತೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಬದಿಯ ಸೀಲ್ ಹೋಗಿದ್ದರೆ ಗೇರಿನ ಎಣ್ಣೆಯನ್ನೇ ಹೀರಿಕೊಂಡು ಬೀದಿ ತುಂಬ ಬಿಳಿ ಹೊಗೆ ಬಿಡುತ್ತದೆ. ಸಿಲಿಂಡರ್ ಹೊಸದು ಮಾಡಿಸಿ ಸೀಲ್ ಹಾಗೆಯೇ ಬಿಟ್ಟವನು ಎರಡು ಸಲ ಖರ್ಚು ಮಾಡುತ್ತಾನೆ. ನಾನು ಸೀಲು, ಬೇರಿಂಗು, ಬ್ರೇಕ್ ಶೂ, ಕೇಬಲ್ಲು, ಟೈರು ಇಷ್ಟಕ್ಕೆ ಹಣ ಎತ್ತಿಟ್ಟೆ. ಟೈರಿನ ಗುಂಡಿ ಸವೆಯದೆ ಹೊಸದರಂತೆ ಕಾಣಬಹುದು. ಪಕ್ಕದಲ್ಲಿ ಬಿರುಕಿದ್ದರೆ ಅದನ್ನು ನಂಬಬೇಡಿರಿ. ಹಿಂದಿನ ಸೀಟಿನಲ್ಲಿ ಕೂರುವವಳು ನಿಮ್ಮ ಹೆಂಡತಿ, ಟ್ಯಾಂಕಿನ ಮೇಲೆ ಕೂರುತ್ತೇನೆಂದು ಹಟ ಹಿಡಿಯುವುದು ನಿಮ್ಮ ಮಗು. ಅವರಿಗೂ ಈ ಗಾಡಿಯ ಮೇಲೆ ಹಕ್ಕಿದೆ, ಅದನ್ನು ಯಾವ ಛಾಪಾ ಕಾಗದವೂ ಕೇಳುವುದಿಲ್ಲ.

ಮಿಕ್ಕ ಕೆಲಸಗಳು ಕೈಯಿಂದ ಆಗುವಂಥವು. ಟ್ಯಾಂಕಿನ ತುಕ್ಕಿಗೆ ವಿನೆಗರ್ ತುಂಬಿ ಒಂದೆರಡು ದಿನ ಬಿಟ್ಟು, ಹಳೆಯ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಕೂಡಲೇ ಎಣ್ಣೆ ಸವರಬೇಕು. ತೂತಿದೆಯೆಂದು ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿರಿ. ವರ್ಷಗಳಿಂದ ಖಾಲಿ ಇರುವ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿದ್ದು ಸಿಡಿಯಬಹುದು. ಬ್ರೇಕ್ ಡ್ರಮ್ಮಿನ ಹಳೆಯ ಧೂಳನ್ನು ಬಾಯಿಯಿಂದ ಊದಬೇಡಿರಿ, ಹಳೆಯ ಶೂಗಳಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿರಿ. ಕಾಂಟ್ಯಾಕ್ಟ್ ಪಾಯಿಂಟನ್ನು ಉಜ್ಜಿ 0.4 ಮಿ.ಮೀ. ಅಂತರಕ್ಕೆ ಕೂರಿಸಿದರೆ ಕಿಡಿ ಬರುತ್ತದೆ. ಪೆಟ್ರೋಲಿಗೆ 2ಟಿ ಎಣ್ಣೆ ಬೆರೆಸಲು ಮರೆಯಬೇಡಿರಿ, 25ಕ್ಕೆ 1ರಂತೆ ಲೀಟರಿಗೆ 40 ಮಿ.ಲೀ. ಸಿಗದ ಸಾಮಾನುಗಳಿಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎರಡು ಶನಿವಾರ ಅಲೆದೆ. ಅಲ್ಲಿನ ಹಿರಿಯರೊಬ್ಬರು ಗೇರ್ ಲಿವರನ್ನು ಕೈಯಲ್ಲಿ ಹಿಡಿದು ನೋಡಿಯೇ ಯಾವ ಮಾದರಿಯದೆಂದು ಹೇಳಿದರು. ಆ ವಿದ್ಯೆಯ ಮುಂದೆ ನನ್ನ ಮೊಬೈಲಿನ ಮಾಹಿತಿ ಏನೇನೂ ಅಲ್ಲ.

ಬಣ್ಣದವನ ಬಳಿ ಗಾಡಿ ಬಿಡುವಾಗ ಒಂದು ಎಚ್ಚರ ಬೇಕು. ಚಾಸಿಸ್ ಸಂಖ್ಯೆಯ ಮೇಲೆ ಪುಟ್ಟಿ ತುಂಬಿಸಬೇಡಿರಿ, ಉಜ್ಜಿಸಲೂಬೇಡಿರಿ. ತಪಾಸಣೆಯಲ್ಲಿ ಅದು ಓದಲು ಬರಬೇಕು. ಪುಟ್ಟಿಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಳೆಯ ಬೈಕನ್ನು ಹೊಳೆಯಿಸಿ ಮಾರುವುದು ಈಗ ಕೆಲವರಿಗೆ ಒಳ್ಳೆಯ ವ್ಯಾಪಾರ. ಟ್ಯಾಂಕಿನ ತೂತಿಗೆ ಪುಟ್ಟಿ, ಅದರ ಮೇಲೆ ಬಣ್ಣ, ಗೆರೆ, ಲಾಂಛನ. ಮದೀನದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನ ಕಾಳು ಒದ್ದೆಯಿತ್ತು. ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಾಗಿರಲಿಲ್ಲ. ಒದ್ದೆ ಕಾಳನ್ನು ಮೇಲಕ್ಕೆ ಹಾಕದೆ ಅಡಿಗೆ ಹಾಕಿದ್ದು ತಪ್ಪಾಯಿತು. ನಿಮ್ಮ ಗಾಡಿ ತುಕ್ಕು ಹಿಡಿದದ್ದೂ ತಪ್ಪಲ್ಲ.

ಸಮಯದ ಲೆಕ್ಕವನ್ನೂ ಮರೆಯಬಾರದು. ಮೂರು ತಿಂಗಳು ನನ್ನ ಭಾನುವಾರಗಳು ಹಿತ್ತಲಿನಲ್ಲಿಯೇ ಕಳೆದವು. ಗ್ರೀಸಿನ ಕೈಯಲ್ಲಿ ಊಟಕ್ಕೆ ಬಂದಾಗ ಮನೆಯವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವಳ ಮಾತು ನ್ಯಾಯವಾಗಿತ್ತು.

ಈಗ ಅಕ್ಕನ ವಿಷಯಕ್ಕೆ ಮರಳುತ್ತೇನೆ. 3,500 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಮತ್ತೆ ಚನ್ನಪಟ್ಟಣಕ್ಕೆ ಹೋದೆ. ಅವಳು ಮೊದಲು ನಕ್ಕಳು. ಅದನ್ನು ನಿನ್ನ ಮಕ್ಕಳಿಗೆ ಬಟ್ಟೆ ತೆಗೆದುಕೋ ಎಂದಳು. ಅಲ್ಲಿಗೆ ಮಾತು ಮುಗಿಸುವುದು ನನಗೆ ಸುಲಭವಿತ್ತು. ಆದರೆ ಜಾಬಿರ್(ರ)ರವರ ಒಂಟೆಯ ಘಟನೆ ನೆನಪಾಯಿತು. ಪ್ರಯಾಣದಲ್ಲಿ ಬಳಲಿ ಹಿಂದುಳಿದಿದ್ದ ಅವರ ಒಂಟೆಯನ್ನು ಪ್ರವಾದಿವರ್ಯರು(ಸ) ಕೊಂಡುಕೊಂಡರು. ಮದೀನ ತಲುಪಿದ ಮೇಲೆ ಬಿಲಾಲ್(ರ)ರಿಂದ ಬೆಲೆಯನ್ನು ತೂಗಿಸಿ, ಸ್ವಲ್ಪ ಹೆಚ್ಚಾಗಿಯೇ ಕೊಡಿಸಿದರು. ಅನಂತರ ಒಂಟೆಯನ್ನೂ ಅವರಿಗೇ ಮರಳಿಸಿದರು. ಉಡುಗೊರೆ ಕೊಡುವ ಇಚ್ಛೆ ಇದ್ದರೂ ಮೊದಲು ಬೆಲೆ ತೂಗಲ್ಪಟ್ಟಿತು. ಆದ್ದರಿಂದ ನಾನು ಹೇಳಿದೆ, "ಆಪಾ, ಮೊದಲು ಇದನ್ನು ಕೈಯಲ್ಲಿ ತೆಗೆದುಕೊಂಡು ನಿನ್ನ ಪೆಟ್ಟಿಗೆಯಲ್ಲಿಡು. ಆಮೇಲೆ ಏನು ಬೇಕಾದರೂ ಮಾಡು." ಎರಡು ಬೆಲೆಗಳ ಕತೆಯನ್ನೂ ಹೇಳಿದೆ. ಆ ದಿನ ರುಜು ಹಾಕಿದ ಕಾಗದವನ್ನು ಅವಳ ಮುಂದೆಯೇ ಹರಿದು, ಇನ್ನೊಂದನ್ನು ಓದಿ ಹೇಳಿದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ಅಬ್ಬಾ ಬಿಟ್ಟುಹೋದದ್ದರಲ್ಲಿ ನನಗೂ ಏನೋ ಇದೆ ಅಂತ ಮೊದಲ ಸಲ ಕೇಳುತ್ತಿದ್ದೇನೆ" ಎಂದಳು. ಮನೆಯ ಮಾತನ್ನು ಅವಳು ಎತ್ತಲಿಲ್ಲ. ಐದು ವರ್ಷಗಳಿಂದ ನಾವು ಅಣ್ಣತಮ್ಮಂದಿರು ವಾಸವಿರುವ ಆ ಮನೆಯಲ್ಲಿ ಅವಳ ಪಾಲೂ ಇದೆ, ತಂಗಿಯ ಪಾಲೂ ಇದೆ. ಅದನ್ನು ನಾನೇ ಎತ್ತಬೇಕಾಯಿತು. ತಮ್ಮನಿಗೆ ಇದು ಹಿಡಿಸಲಿಲ್ಲ. ಬೈಕು ಶುರು ಮಾಡಲು ಹೋಗಿ ಇದೇನು ಶುರು ಮಾಡಿದೆ ಎಂದ. ಮಾತುಕತೆ ಇನ್ನೂ ನಡೆಯುತ್ತಿದೆ. ತಾಯಿ ನಮ್ಮ ಕಡೆಗಿದ್ದಾರೆ.

ಹಣ ಪೆಟ್ಟಿಗೆಯಲ್ಲಿಟ್ಟು ಬಂದ ಮೇಲೆ ಆಪಾ ಒಂದೇ ಒಂದು ಕೇಳಿದಳು. ಹಾರ್ನ್ ಬದಲಾಯಿಸಬೇಡ ಎಂದಳು. ಅಬ್ಬಾ ಬೀದಿಯ ತಿರುವಿನಲ್ಲಿ ಅದನ್ನು ಒತ್ತಿದರೆ ಇವರು ಚಹಾಕ್ಕೆ ನೀರಿಡುತ್ತಿದ್ದರಂತೆ. ಎಲೆಕ್ಟ್ರಿಷಿಯನ್ ಹಳೆಯ 6 ವೋಲ್ಟನ್ನು ತೆಗೆದು 12 ವೋಲ್ಟಿಗೆ ಮಾಡಿಸಿ, ದೀಪ ಚೆನ್ನಾಗಿ ಬರುತ್ತದೆ ಎಂದು ಸಲಹೆ ಕೊಟ್ಟಿದ್ದರು. ಹಾಗೆ ಮಾಡಿದರೆ ಆ ಹಾರ್ನ್ ಉಪಯೋಗಕ್ಕೆ ಬರುವುದಿಲ್ಲ. ಆರು ವೋಲ್ಟಿನ ವೈರಿಂಗನ್ನೇ ಹೊಸದಾಗಿ ಎಳೆಸಿದೆ. ದೀಪ ಮಂದವಾಗಿದೆ, ಮಗ್ರಿಬ್ ಆದ ಮೇಲೆ ಗಾಡಿಯನ್ನು ದೂರ ಒಯ್ಯುವುದಿಲ್ಲ. ಟ್ಯಾಂಕಿಗೆ ಇನ್ನೂ ಬಣ್ಣವಾಗಿಲ್ಲ.